ಉಂಡು ಮಿಗಿಸಿದ ರೂತಳು

(ಮಾತೆ ಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಮತ್ತಾಯ 1:1-16, 18-23)



ಆಗಸ್ಟ್ 29ರಂದು ಧ್ವಜ ಏರಿಸಿ, ಒಂಬತ್ತು ದಿನಗಳ ಪ್ರಾರ್ಥನೆ ಮುಗಿಸಿ, ಇಂದು ಸೆಪ್ಟೆಂಬರ್ 8ರಂದು ನಮ್ಮ ತಾಯಿಯ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದೇವೆ. ಕರಾವಳಿ, ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಇದು ತೆನೆ ಹಬ್ಬ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಅದರ ನಾಲ್ಕು ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ನಮ್ಮ ಬೆಂಗಳೂರು, ಮೈಸೂರು ಸೀಮೆಯಲ್ಲಿ ಇದೇ ದಿನ ಆರೋಗ್ಯಮಾತೆಯ ಹಬ್ಬ. ಕಾವಿ ಬಟ್ಟೆ ತೊಟ್ಟು, ಉಪವಾಸವಿದ್ದು, ಹರಕೆ ಹೊತ್ತು ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಒಂದೆಡೆ ಅನ್ನ, ಇನ್ನೊಂದೆಡೆ ಆರೋಗ್ಯ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಇಂದು ನಿಮ್ಮೊಡನೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ.

ಪೀಠದ ಬಳಿ ಇಟ್ಟಿದ್ದ ಕೋರಿಕೆಗಳ ಪೆಟ್ಟಿಗೆಯನ್ನು ನಿನ್ನೆ ರಾತ್ರಿ ತೆರೆದೆ. ಅರ್ಧಕ್ಕಿಂತ ಹೆಚ್ಚು ಚೀಟಿಗಳು ಶರೀರದ ಕಷ್ಟದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ತೂಕ. ಅವುಗಳ ನಡುವೆ ಹೆಸರಿಲ್ಲದ ಒಂದು ಚೀಟಿ ಇತ್ತು. ಯಾರದೆಂದು ನನಗೆ ಗೊತ್ತಿಲ್ಲ. ಅದರ ಸಾರ ಇಷ್ಟೇ: "ಅಮ್ಮಾ, ನಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಉಣ್ಣುತ್ತಿದ್ದೇವೆ. ವಾರಕ್ಕೆ ಒಂದು ದಿನವಾದರೂ ಒಟ್ಟಿಗೆ ಕೂರುವ ಹಾಗೆ ಮಾಡು." ಆ ಚೀಟಿ ರಾತ್ರಿಯೆಲ್ಲ ನನ್ನ ಮನಸ್ಸಿನಲ್ಲಿ ಉಳಿಯಿತು.

ಪ್ರಿಯರೇ, ನಮ್ಮ ಮನೆಗಳಿಗೆ ಈಗ ಹೊಸದೊಂದು ಉಪವಾಸ ಬಂದಿದೆ. ಇಂಟರ್ಮಿಟೆಂಟ್ ಫಾಸ್ಟಿಂಗ್ ಎನ್ನುತ್ತಾರೆ. ನಾವು ಗಂಟೆ ಲೆಕ್ಕದ ಉಪವಾಸ ಎನ್ನೋಣ. ದಿನದ 24 ಗಂಟೆಗಳಲ್ಲಿ 16 ಗಂಟೆ ಏನೂ ತಿನ್ನದೆ, ಉಳಿದ 8 ಗಂಟೆಗಳಲ್ಲಿ ಊಟ ಮುಗಿಸುವುದು ಇದರ ಹೆಚ್ಚು ಪ್ರಚಾರದಲ್ಲಿರುವ ಬಗೆ. ವಾರದಲ್ಲಿ ಐದು ದಿನ ಎಂದಿನಂತೆ ಉಂಡು, ಎರಡು ದಿನ ತೀರಾ ಕಡಿಮೆ ತಿನ್ನುವವರೂ ಇದ್ದಾರೆ. ನಮ್ಮ ಯುವಕ ಯುವತಿಯರಷ್ಟೇ ಅಲ್ಲ, ಐವತ್ತು ದಾಟಿದವರೂ ಇದನ್ನು ಹಿಡಿದಿದ್ದಾರೆ. ಯಾರನ್ನೂ ಹೀಯಾಳಿಸಲು ಈ ಮಾತು ಹೇಳುತ್ತಿಲ್ಲ. ಏಕೆಂದರೆ ನಾನೂ ಹಿಡಿದಿದ್ದೆ.

ಧರ್ಮಕೇಂದ್ರದ ಗುರುವಿನ ಕಷ್ಟ ನಿಮಗೆ ತಿಳಿದದ್ದೇ. ಗೃಹಪ್ರವೇಶ, ನಿಶ್ಚಿತಾರ್ಥ, ಮದುವೆ, ಮೊದಲ ಪರಮಪ್ರಸಾದ, ಎಲ್ಲದರ ಕೊನೆಗೂ ಎಲೆ ಹಾಕಿರುತ್ತದೆ. ರಕ್ತಪರೀಕ್ಷೆಯ ಚೀಟಿ ನೋಡಿದ ವೈದ್ಯರು, "ಸ್ವಾಮಿಗಳೇ, ಬಾಯಿಗೆ ಸ್ವಲ್ಪ ಬೀಗ ಹಾಕಿ" ಎಂದರು. ನಾನು ಗಡಿಯಾರವನ್ನೇ ಬೀಗ ಮಾಡಿಕೊಂಡೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಊಟ, ಆಮೇಲೆ ಬರೀ ನೀರು. ನಾಲ್ಕು ತಿಂಗಳಲ್ಲಿ ಸೊಂಟದ ಪಟ್ಟಿ ಎರಡು ತೂತು ಒಳಗೆ ಹೋಯಿತು. ಒಳಗೊಳಗೇ ಹೆಮ್ಮೆಯೂ ಬಂತು.

ಒಂದು ಸಂಜೆ ನಮ್ಮ ಉಪಕೇಂದ್ರದ ಹಳ್ಳಿಯಲ್ಲಿ ಮನೆ ಭೇಟಿಗೆ ಹೋಗಿದ್ದೆ. ಕೊನೆಯದು ಒಬ್ಬಂಟಿ ಅಜ್ಜಿಯ ಮನೆ. ಜಪಸರ ಮುಗಿಯುವಾಗ ಏಳೂಕಾಲು. ಅಜ್ಜಿ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟರು. ಕರಿಬೇವು, ಶುಂಠಿ ಹಾಕಿ ಒಗ್ಗರಣೆ ಕೊಟ್ಟದ್ದು.

"ಬೇಡ ಅಜ್ಜಿ. ಏಳು ಗಂಟೆಯಾದ ಮೇಲೆ ನಾನು ಏನೂ ತಗೊಳ್ಳೋದಿಲ್ಲ."

"ಏನು ಹರಕೆ ಸ್ವಾಮೀ? ಯಾರಿಗೋಸ್ಕರ?"

ನನ್ನ ಬಳಿ ಉತ್ತರವಿರಲಿಲ್ಲ. ಹೊಟ್ಟೆ ಕರಗಿಸಲಿಕ್ಕೆ ಎನ್ನಲು ನಾಚಿಕೆಯಾಯಿತು. "ಡಾಕ್ಟರು ಹೇಳಿದ್ದಾರೆ" ಎಂದೆ. ವೈದ್ಯರು ಮಿತವಾಗಿ ತಿನ್ನಿ ಎಂದಿದ್ದರೇ ಹೊರತು, ಏಳೂಕಾಲಕ್ಕೆ ಮಜ್ಜಿಗೆ ಮುಟ್ಟಬೇಡಿ ಎಂದಿರಲಿಲ್ಲ. ಅಜ್ಜಿ ಮರುಮಾತಾಡದೆ ಲೋಟ ಒಳಗೆ ಒಯ್ದರು. ಅಂದು ಗುರುನಿವಾಸಕ್ಕೆ ಮರಳುವಾಗ ನನ್ನ ಉಪವಾಸ ಮುರಿದಿರಲಿಲ್ಲ. ಆದರೆ ಬೇರೇನೋ ಮುರಿದಿತ್ತು.

ಇದನ್ನು ಕೇಳಿ ಈ ಪದ್ಧತಿಯೇ ತಪ್ಪೆಂದು ತಿಳಿಯಬೇಡಿ. ಅದರಲ್ಲಿರುವ ಒಳ್ಳೆಯದನ್ನು ಒಪ್ಪಲೇಬೇಕು. ರಾತ್ರಿ ಹನ್ನೊಂದಕ್ಕೆ ಟಿವಿ ಮುಂದೆ ಕುಳಿತು ಚಿಪ್ಸ್ ಪೊಟ್ಟಣ ಖಾಲಿ ಮಾಡುವ ಚಟವನ್ನು ಅದು ಅನೇಕರಿಗೆ ಬಿಡಿಸಿದೆ. ನಮ್ಮ ಹಿರಿಯರಿಗೂ ಗಂಟೆಯ ಉಪವಾಸ ಹೊಸದಲ್ಲ. 1953ಕ್ಕೆ ಮುಂಚೆ ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ಒಂದು ತೊಟ್ಟು ನೀರನ್ನೂ ಕುಡಿಯುತ್ತಿರಲಿಲ್ಲ. ಆ ವರ್ಷ ನೀರಿಗೆ ಅನುಮತಿ ದೊರೆಯಿತು. 1957ರಲ್ಲಿ ಅದು ಮೂರು ಗಂಟೆಗೂ, 1964ರಲ್ಲಿ ಒಂದು ಗಂಟೆಗೂ ಇಳಿಯಿತು. ಮೈಲಿಗಟ್ಟಲೆ ಬರಿಹೊಟ್ಟೆಯಲ್ಲಿ ನಡೆದು ಗುಡಿಗೆ ಬಂದ ಅಜ್ಜ ಅಜ್ಜಿಯರಿಗೆ ತಾವು ಯಾರಿಗಾಗಿ ಹಸಿದಿದ್ದೇವೆಂಬುದು ತಿಳಿದಿತ್ತು. ಆ ಅಜ್ಜಿ ನನ್ನನ್ನು ಕೇಳಿದ್ದೂ ಅದನ್ನೇ.

ಶರೀರದ ಲೆಕ್ಕಕ್ಕೆ ಬಂದರೂ ಒಂದು ವಿಷಯ ತಿಳಿದಿರಬೇಕು. ಚೀನಾ ದೇಶದ ಗುವಾಂಗ್‌ಝೌ ನಗರದಲ್ಲಿ ಸ್ಥೂಲಕಾಯದ 139 ಮಂದಿಯ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಒಂದೇ ಅಳತೆಯ ಮಿತಾಹಾರ. ಒಂದು ಗುಂಪು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಗಡಿಯಾರ ನೋಡಿ ಉಂಡವರು ಸರಾಸರಿ 8 ಕಿಲೋ, ಬರೀ ಮಿತವಾಗಿ ಉಂಡವರು ಸರಾಸರಿ 6.3 ಕಿಲೋ ಇಳಿದಿದ್ದರು. ಈ ಅಂತರ ಗಡಿಯಾರದಿಂದಲೇ ಬಂತೆಂದು ಹೇಳುವಷ್ಟು ದೊಡ್ಡದಲ್ಲವೆಂದು ಸಂಶೋಧಕರು ತೀರ್ಮಾನಿಸಿದರು. ಹೆಚ್ಚಿನ ಕೆಲಸ ಮಾಡಿದ್ದು ಮಿತ. ಗಡಿಯಾರ ಕೆಲವರಿಗೆ ಆ ಮಿತವನ್ನು ಹಿಡಿಯಲು ಊರುಗೋಲಾಗಬಹುದು, ಅಷ್ಟೇ.

ಇನ್ನೊಂದು ಎಚ್ಚರಿಕೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಈ ಗುಡಿಯಲ್ಲಿಯೂ ಸಾಲಿಗೆ ಒಬ್ಬರಾದರೂ ಇದ್ದೀರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊತ್ತು ಹೊತ್ತಿನ ಊಟ ಬಿಟ್ಟರೆ ಸಕ್ಕರೆ ದಿಢೀರನೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ನಿಶ್ಶಕ್ತರಾದ ಹಿರಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಧರ್ಮಸಭೆಯೂ ಉಪವಾಸದ ನಿಯಮವನ್ನು 18 ವರ್ಷ ತುಂಬಿದವರಿಗೆ, 60ಕ್ಕೆ ಕಾಲಿಡುವವರೆಗೆ ಮಾತ್ರ ಇಟ್ಟಿದೆ. ಅದೂ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಕಾಯಿಲೆಯವರಿಗೆ ಅದರಿಂದಲೂ ವಿನಾಯಿತಿ ಇದೆ. ಹರಕೆಯ ಹೆಸರಿನಲ್ಲಿ ಮಾತ್ರೆ ಬಿಟ್ಟು ಬಿದ್ದರೆ ಆರೋಗ್ಯಮಾತೆಗೆ ಸಂತೋಷವಾಗುವುದಿಲ್ಲ.

ಪ್ರಿಯರೇ, ಬಿಟ್ಟು ಬಿಟ್ಟು ಉಪವಾಸವಿರುವುದು ಲೇಸೋ, ದಿನವೂ ಹಿತಮಿತವಾಗಿ ಉಣ್ಣುವುದು ಲೇಸೋ ಎಂಬ ಪ್ರಶ್ನೆ ನಮ್ಮ ಕಾಲದ್ದಲ್ಲ. ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಇದನ್ನೇ ಚರ್ಚಿಸಿದ್ದರು. ಅಬ್ಬಾ ಪೊಯ್ಮೆನ್ ಎಂಬ ಹಿರಿಯರನ್ನು ಒಬ್ಬರು ಹೇಗೆ ಉಪವಾಸ ಮಾಡಬೇಕೆಂದು ಕೇಳಿದರು. ದಿನವೂ ಉಣ್ಣು, ಆದರೆ ಹೊಟ್ಟೆ ಬಿರಿಯುವ ಮುನ್ನ ಏಳು ಎಂಬರ್ಥದ ಉತ್ತರ ಬಂತು. ಚಿಕ್ಕವರಿದ್ದಾಗ ನೀವು ಎರಡೆರಡು ದಿನ ಉಪವಾಸ ಮಾಡುತ್ತಿರಲಿಲ್ಲವೇ ಎಂದು ಅವರು ಮತ್ತೆ ಕೇಳಿದರು. ಹೌದು, ಮೂರು ದಿನ, ನಾಲ್ಕು ದಿನ, ವಾರಗಟ್ಟಲೆಯೂ ಮಾಡಿದ್ದೇನೆ. ಹಿರಿಯರು ಎಲ್ಲವನ್ನೂ ಪರೀಕ್ಷಿಸಿ ನೋಡಿ, ದಿನವೂ ಸ್ವಲ್ಪ ಉಣ್ಣುವುದೇ ಮೇಲೆಂದು ಕಂಡುಕೊಂಡರು, ಅದೇ ರಾಜಮಾರ್ಗ ಎಂದು ಪೊಯ್ಮೆನ್ ವಿವರಿಸಿದರು. ಆ ತಪಸ್ವಿಗಳ ನಡುವೆ ಬಾಳಿ ಬಂದ ಸಂತ ಜಾನ್ ಕ್ಯಾಸಿಯನ್ ಇದರ ಕಾರಣವನ್ನೂ ಬರೆದಿಟ್ಟಿದ್ದಾರೆ. ಕಠಿಣ ಉಪವಾಸದ ಬೆನ್ನಿಗೇ ಹೊಟ್ಟೆಬಾಕತನ ಬರುತ್ತದೆ. ಅತಿ ಹಸಿವೂ ಅತಿ ಊಟವೂ ಕೊನೆಗೆ ಒಂದೇ ಹಳ್ಳಕ್ಕೆ ಬೀಳಿಸುತ್ತವೆ ಎಂಬುದು ಅವರ ಅನುಭವ. ಸಂಜೆ ಆರೂಮುಕ್ಕಾಲಿಗೆ "ಇನ್ನು ಹದಿನೈದೇ ನಿಮಿಷ" ಎಂದು ನಾನು ತಟ್ಟೆಯ ಮೇಲೆ ಬಿದ್ದ ದಿನಗಳು ನೆನಪಾಗುತ್ತವೆ!

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಹೊತ್ತನ್ನೂ ಮಿತವನ್ನೂ ಎರಡನ್ನೂ ಬರೆದರು. ಬೇಸಿಗೆಯಲ್ಲಿ ಯಾವಾಗ ಊಟ, ಚಳಿಗಾಲದಲ್ಲಿ ಯಾವಾಗ, ತಪಸ್ಸುಕಾಲದಲ್ಲಿ ಸಂಜೆಗೆ ಒಂದೇ ಊಟ ಎಂಬುದು ಹೊತ್ತಿನ ಲೆಕ್ಕ. ದಿನಕ್ಕೆ ಒಂದು ಪೌಂಡ್ ರೊಟ್ಟಿ, ಬೇಯಿಸಿದ ಎರಡು ಬಗೆಯ ಪದಾರ್ಥ ಎಂಬುದು ಅಳತೆಯ ಲೆಕ್ಕ. ದುಡಿಮೆ ಹೆಚ್ಚಾದರೆ ಹೆಚ್ಚು ಬಡಿಸಬಹುದು, ರೋಗಿಗೆ ಮಾಂಸವನ್ನೂ ಕೊಡಬಹುದು. ಇಷ್ಟೆಲ್ಲ ಬರೆದವರು ಇನ್ನೊಂದನ್ನೂ ಸೇರಿಸಿದರು: ಮಠಕ್ಕೆ ಅತಿಥಿ ಬಂದರೆ, ಬಿಡಲಾಗದ ಮುಖ್ಯ ಉಪವಾಸದ ದಿನದ ಹೊರತು, ಮಠಾಧಿಪತಿ ತನ್ನ ಉಪವಾಸ ಮುರಿದು ಅತಿಥಿಯೊಡನೆ ಉಣ್ಣಬೇಕು. ಇದನ್ನು ನಾನು ಗುರುಮಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಜ್ಜಿಯ ಮನೆಯಲ್ಲಿ ಅದು ನೆನಪಿಗೆ ಬರಲಿಲ್ಲ.

ಈಗ ಶುಭಸಂದೇಶಕ್ಕೆ ಬರೋಣ. ಇಂದು ಓದಿದ ಭಾಗ ಹೆಸರುಗಳ ಉದ್ದನೆಯ ಪಟ್ಟಿ. ಅಬ್ರಹಾಮನಿಂದ ಕ್ರಿಸ್ತರವರೆಗೆ ಹದಿನಾಲ್ಕರಂತೆ ಮೂರು ಸರದಿಯ ತಲೆಮಾರುಗಳು. ಅದರಲ್ಲಿ ಹೆಚ್ಚಿನವರ ಬಗ್ಗೆ ಯಾವ ಪವಾಡವೂ ದಾಖಲಾಗಿಲ್ಲ. ದುಡಿದರು, ಉಂಡರು, ಮಕ್ಕಳನ್ನು ಸಾಕಿದರು. ಅಂಥ ಸಾಮಾನ್ಯ ದಿನಗಳ ಮೂಲಕವೇ ದೇವರು ನಮಗೆ ಮರಿಯಮ್ಮನವರನ್ನೂ ಅವರ ಉದರದ ಫಲವಾದ ಯೇಸುವನ್ನೂ ಕೊಟ್ಟರು. ಆ ಪಟ್ಟಿಯ ನಡುವೆ ಒಂದು ಹೆಣ್ಣಿನ ಹೆಸರಿದೆ, ರೂತಳು. ಮೋವಾಬಿನಿಂದ ಬಂದ ವಿಧವೆ. ಅತ್ತೆ ನವೊಮಿಯನ್ನು ಬಿಡದೆ ಬೆತ್ಲೆಹೇಮಿಗೆ ಬಂದವಳು. ಜವೆಗೋದಿಯ ಕೊಯ್ಲಿನ ಕಾಲದಲ್ಲಿ ಬೋವಜನ ಹೊಲದಲ್ಲಿ, ಕೊಯ್ಯುವವರ ಹಿಂದೆ ಹಕ್ಕಲು ಆಯ್ದವಳು.

ರೂತಳ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಒಂದು ಊಟದ ಸಂಗತಿ ಇದೆ. ಊಟದ ಹೊತ್ತಿಗೆ ಬೋವಜನು ಅವಳನ್ನು ಕರೆದು, ಕೊಯ್ಯುವವರ ಪಕ್ಕ ಕೂರಿಸಿ, ಹುರಿದ ಕಾಳನ್ನು ತಾನೇ ಕೊಟ್ಟನು. ಅವಳು ತೃಪ್ತಿಯಾಗುವಷ್ಟು ಉಂಡಳು, ಇನ್ನೂ ಮಿಗಿಸಿಕೊಂಡಳು. ಸಂಜೆ ಮನೆಗೆ ಹೋಗಿ, ಮಿಗಿಸಿದ್ದನ್ನು ಸೆರಗಿನಿಂದ ತೆಗೆದಂತೆ ತೆಗೆದು ಅತ್ತೆಗೆ ಕೊಟ್ಟಳು.

ಪ್ರಿಯರೇ, ಮಿತಾಹಾರದ ಪಾಠವೆಲ್ಲ ಈ ಒಂದು ಊಟದಲ್ಲಿದೆ. ಮೊದಲನೆಯದು, ರೂತಳು ಉಂಡಳು. ಹಸಿದವಳು ನಾಚಿಕೊಂಡು ಎದ್ದು ಹೋಗಲಿಲ್ಲ. ಅನ್ನ ದೇವರ ವರ. ಎರಡನೆಯದು, ತೃಪ್ತಿಯಾದಾಗ ನಿಲ್ಲಿಸಿದಳು. ನಾಳೆಯ ಭರವಸೆಯಿಲ್ಲದ ಬಡವೆ, ಮುಂದೆ ಕಾಳಿನ ರಾಶಿ ಇದ್ದರೂ "ಸಾಕು" ಎಂದಳು. ಮೂರನೆಯದು, ಆ "ಸಾಕು" ಎಂಬ ಮಾತಿನ ಹಿಂದೆ ಒಂದು ಮುಖವಿತ್ತು, ಮನೆಯಲ್ಲಿ ಹಸಿದು ಕುಳಿತ ಅತ್ತೆಯ ಮುಖ. ಗಡಿಯಾರ ನಮಗೆ ಯಾವಾಗ ಉಣ್ಣಬೇಕೆಂದು ಹೇಳೀತು. ಎಷ್ಟು ಸಾಕೆಂದು ಹೇಳಲಾರದು. ಯಾರಿಗೆ ಮಿಗಿಸಬೇಕೆಂದಂತೂ ಅದಕ್ಕೆ ತಿಳಿಯದು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪಕ್ಕದವರ ತಟ್ಟೆಯನ್ನೂ ನೋಡಬಲ್ಲವನೇ ಊಟ ಬಲ್ಲವನು.

ಇಲ್ಲಿ ಒಂದು ಮಾತನ್ನು ಗಂಡಸರಿಗೆ ಹೇಳಲೇಬೇಕು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೊನೆಗೆ ಉಣ್ಣುವ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ನಾನು ಮಿತವನ್ನು ಬೋಧಿಸಲಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯವರು. ಅವರಿಗೆ ಬೇಕಾದದ್ದು ಇನ್ನೊಂದು ಉಪವಾಸವಲ್ಲ, ಕೂತು ಉಣ್ಣುವ ಒಂದು ಹೊತ್ತು. ಬೋವಜನು ಹೊಲದ ಯಜಮಾನ. ಆದರೂ ರೂತಳಿಗೆ ತಾನೇ ಬಡಿಸಿದನು. ಹಾಗೆಯೇ ಕನ್ನಡಿ ನೋಡಿ ನೊಂದು, ಯಾರಿಗೂ ಹೇಳದೆ ಊಟ ಬಿಡುತ್ತಿರುವ ನಮ್ಮ ಹೆಣ್ಣುಮಕ್ಕಳೇ, ನಿಮ್ಮ ಶರೀರ ದೇವರ ಕೈಕೆಲಸ. ಅದನ್ನು ಹಸಿವಿನಿಂದ ಶಿಕ್ಷಿಸಬೇಡಿ. ಅಮ್ಮನ ಬಳಿ ಮಾತಾಡಿ. ತಾಯಂದಿರೇ, ಮಗಳ ತಟ್ಟೆಯ ಮೇಲೆ ಕಣ್ಣಿರಲಿ. ಅವಳ ತೂಕದ ಬಗ್ಗೆ ಹಾಸ್ಯ ಬೇಡ.

ಹಾಗಾದರೆ ಉಪವಾಸ ಬೇಡವೇ? ಬೇಕು. ಪ್ರಭು ಯೇಸುವೇ ನಲವತ್ತು ದಿನ ಉಪವಾಸವಿದ್ದರು. ಆದರೆ ಪ್ರವಾದಿ ಯೆಶಾಯನ 58ನೆಯ ಅಧ್ಯಾಯದಲ್ಲಿ ದೇವರು ತಮಗೆ ಮೆಚ್ಚುಗೆಯಾದ ಉಪವಾಸ ಯಾವುದೆಂದು ತಿಳಿಸಿದ್ದಾರೆ: ಹಸಿದವರೊಡನೆ ಅನ್ನ ಹಂಚಿಕೊಳ್ಳುವುದು, ನೆಲೆಯಿಲ್ಲದವರನ್ನು ಮನೆಗೆ ಕರೆಯುವುದು. ಗಂಟೆ ಲೆಕ್ಕದ ಉಪವಾಸ ಮಾಡುವವರು ಉಳಿಸಿದ ತಿಂಡಿಯ ಹಣ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಯೋಚಿಸಿ. ಅದು ಒಬ್ಬ ಹಸಿದವನ ಕೈ ಸೇರಿದರೆ, ಅದೇ ಉಪವಾಸ ತಪಸ್ಸಾಗುತ್ತದೆ. 2024ರಲ್ಲಿ ಲೋಕದಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಿಂದ ವ್ಯರ್ಥವಾದ ಆಹಾರ ನೂರು ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಎಸೆದ ಅನ್ನ ಬಡವನ ಮೇಜಿನಿಂದ ಕದ್ದ ಅನ್ನವೆಂದು ವಿಶ್ವಗುರು ಫ್ರಾನ್ಸಿಸ್‌ನವರು 2015ರ ತಮ್ಮ ಪರಿಪತ್ರದಲ್ಲಿ ನಮ್ಮನ್ನು ಎಚ್ಚರಿಸಿದ್ದರು.

ಈ ಹಬ್ಬದಿಂದ ಮನೆಗೆ ನಾಲ್ಕು ನಿರ್ಧಾರಗಳನ್ನು ಒಯ್ಯಿರಿ. ಒಂದು, ಊಟಕ್ಕೆ ಮುನ್ನ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸಿ. ಆ ಅರ್ಧ ನಿಮಿಷದಲ್ಲಿ ಆತುರ ಇಳಿಯುತ್ತದೆ. ಎರಡು, ಮೊದಲ ಸಲ ಸ್ವಲ್ಪವೇ ಬಡಿಸಿಕೊಳ್ಳಿ, ಬೇಕಾದರೆ ಮತ್ತೆ ಕೇಳಿ, ಎಲೆಯಲ್ಲಿ ಬಿಡಬೇಡಿ. ಮೂರು, ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿ ತೆಗೆದಿಡಿ. ಮಿಜೋರಂನ ಕ್ರೈಸ್ತ ಮನೆಗಳಲ್ಲಿ ಹೆಂಗಸರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೆ ಹಿಡಿ ಅಕ್ಕಿ ತೆಗೆದಿಡುತ್ತಾ ಬಂದಿದ್ದಾರೆ. ತಿಂಗಳ ಕೊನೆಯ ಭಾನುವಾರ ಅದನ್ನು ಕಾಣಿಕೆಯೊಡನೆ ತನ್ನಿ. ನಮ್ಮ ಧರ್ಮಕೇಂದ್ರದ ಬಡ ಕುಟುಂಬಗಳಿಗೆ ತಲುಪಿಸೋಣ. ನಾಲ್ಕು, ದಿನಕ್ಕೆ ಆಗದಿದ್ದರೆ ವಾರಕ್ಕೆ ಒಂದು ಊಟವಾದರೂ ಮನೆಮಂದಿಯೆಲ್ಲ ಒಟ್ಟಿಗೆ, ಮೊಬೈಲು ದೂರವಿಟ್ಟು. ಗಂಟೆ ಲೆಕ್ಕ ಇಟ್ಟುಕೊಂಡವರು ಆ ಒಂದು ದಿನ ಲೆಕ್ಕವನ್ನು ಅರ್ಧ ಗಂಟೆ ಸರಿಸಿಕೊಳ್ಳಿ. ವೈದ್ಯರೂ ಬೇಡವೆನ್ನಲಾರರು. ಹೆಸರಿಲ್ಲದ ಆ ಚೀಟಿಗೆ ಆರೋಗ್ಯಮಾತೆ ನಮ್ಮ ಮೂಲಕವೇ ಉತ್ತರ ಕೊಡಲಿ.

ವೇಳಾಂಕಣಿಯ ಕತೆ ನಿಮಗೆಲ್ಲ ಗೊತ್ತು. ಬಡ ವಿಧವೆಯ ಕುಂಟ ಮಗನೊಬ್ಬ ಮಜ್ಜಿಗೆ ಮಾರುತ್ತಾ ಕುಳಿತಿದ್ದಾಗ, ಕೈಗೂಸನ್ನು ಎತ್ತಿಕೊಂಡ ತಾಯೊಬ್ಬಳು ಬಂದು ಮಗುವಿಗೆ ಮಜ್ಜಿಗೆ ಕೇಳಿದಳೆಂದೂ, ಅವನು ಕೊಟ್ಟನೆಂದೂ, ಅವನ ಕಾಲು ವಾಸಿಯಾಯಿತೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ. ಸ್ವರ್ಗದ ರಾಣಿ ಬಡವನ ಮಜ್ಜಿಗೆಯನ್ನು ಕೇಳಿ ಪಡೆದಳು. ಅವಳ ಮಗನ ಸೇವಕನಾದ ನಾನು, ಕೇಳದೆಯೇ ಬಂದದ್ದನ್ನು ಹಿಂದಕ್ಕೆ ಕಳಿಸಿದೆ.

ಮರುವಾರ ನಾನು ಅದೇ ಹಳ್ಳಿಗೆ, ಅದೇ ಹೊತ್ತಿಗೆ ಹೋದೆ. "ಅಜ್ಜಿ, ಇವತ್ತು ಮಜ್ಜಿಗೆ ಇದೆಯಾ?" ಎಂದೆ. "ಹರಕೆ ತೀರಿತಾ ಸ್ವಾಮೀ?" ಎಂದು ನಗುತ್ತಾ ಒಳಗೆ ಹೋದರು. ಅರ್ಧ ಲೋಟ ಸಾಕೆಂದೆ. ಉಳಿದರ್ಧ ಅವರು ಕುಡಿದರು. ನನ್ನ ತೂಕ ಅದರಿಂದೇನೂ ಏರಲಿಲ್ಲ. ಈಗಲೂ ನಾನು ರಾತ್ರಿ ಬೇಗ ಉಣ್ಣುತ್ತೇನೆ, ಕಡಿಮೆ ಉಣ್ಣುತ್ತೇನೆ. ಯಾರಾದರೂ ಪ್ರೀತಿಯಿಂದ ಕೊಟ್ಟರೆ ಗಡಿಯಾರ ನೋಡುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಈ ಪೀಠದ ಮೇಲೆ ದೇವರೇ ನಮಗೆ ಊಟವಾಗಿ ಬರುತ್ತಾರೆ. ಒಂದು ಚೂರು ರೊಟ್ಟಿ. ಅಷ್ಟರಲ್ಲೇ ಎಲ್ಲವೂ ಇದೆ. ಅದನ್ನು ಸ್ವೀಕರಿಸಿದವರಾಗಿ, ರೂತಳಂತೆ ತೃಪ್ತಿಯಿಂದ ಉಂಡು, ಮಿಗಿಸಿ, ಕಾಯುತ್ತಿರುವವರ ಬಳಿಗೆ ಹೋಗುವ ಕೃಪೆಯನ್ನು ಆರೋಗ್ಯಮಾತೆಯ ಮಧ್ಯಸ್ಥಿಕೆಯಿಂದ ಬೇಡೋಣ. ಆಮೆನ್.